ಭೂಗರ್ಭದ ಕರಣಿಕ ಕಿಂಗ್ ಹಬ್ಬರ್ಟ್

ಬಿಡದಿಯ ನೆಲದಡಿಯಲ್ಲಿ ಅನಿಲವಿಲ್ಲ. ಇಲ್ಲಿಂದ ರಾಮನಗರದವರೆಗೂ ಅದರಾಚೆಗೂ ಹಬ್ಬಿರುವ ಬಂಡೆಗಳಲ್ಲಿ ಬಹುಭಾಗ ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದು. ರಾಮನಗರಕ್ಕೆ ಹಿಂದೆ ಇದ್ದ ಹೆಸರನ್ನೇ ಉಳಿಸಿಕೊಂಡು ಭೂವಿಜ್ಞಾನಿಗಳು ಇಂದಿಗೂ ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಬೆಂಕಿಯ ಬಸಿರಿನಿಂದ ಬಂದ ಇಂತಹ ಶಿಲೆಯಲ್ಲಿ ಕಲ್ಲೆಣ್ಣೆಯನ್ನಾಗಲಿ ನೈಸರ್ಗಿಕ ಅನಿಲವನ್ನಾಗಲಿ ಅರಸುವುದು ವ್ಯರ್ಥ. ಅವು ಸಾಮಾನ್ಯವಾಗಿ ದೊರೆಯುವುದು ಪ್ರಾಚೀನ ಸಮುದ್ರಗಳ ತಳದಲ್ಲಿ ಕೆಸರೂ ಮರಳೂ ಪದರಪದರವಾಗಿ ಕೂಡಿ ಗಟ್ಟಿಯಾದ ಜಲಜ ಶಿಲೆಗಳಲ್ಲಿ. ಆದಕಾರಣ ನಮ್ಮ ಊರಿಗೆ ಬೇಕಾದ ಅನಿಲ ದೂರದಿಂದಲೇ ಬರಬೇಕು. 2013ರಲ್ಲಿ ಮಹಾರಾಷ್ಟ್ರದ ಕಡಲತೀರದ ದಾಭೋಲಿನಿಂದ ಸುಮಾರು 1000 ಕಿಲೋಮೀಟರ್ ಉದ್ದದ ಕೊಳವೆಮಾರ್ಗ ಬಿಡದಿಗೂ ಬೆಂಗಳೂರಿಗೂ ಬಂದು ತಲುಪಿತು. ಕೊಳವೆಯೇನೋ ಬಂದಿತು, ಆದರೆ ಇಲ್ಲಿ ಕಟ್ಟಬೇಕೆಂದು ಕರ್ನಾಟಕ ವಿದ್ಯುತ್ ನಿಗಮ ಸಂಕಲ್ಪಿಸಿದ್ದ 700 ಮೆಗಾವ್ಯಾಟ್ ಅನಿಲ ವಿದ್ಯುತ್ ಕೇಂದ್ರ ಮೇಲೇಳಲಿಲ್ಲ. ನಂಬಬಹುದಾದ ದರದಲ್ಲಿ, ನಂಬಬಹುದಾದ ಪ್ರಮಾಣದಲ್ಲಿ ಅನಿಲ ದೊರೆಯದೆ ಹೋದದ್ದೇ ಅದಕ್ಕೆ ಮುಖ್ಯವಾದ ಅಡ್ಡಿ.

ಇಂದು ಇಷ್ಟು ಅನಿಲ ಬರುತ್ತಿದೆ. ಹತ್ತು ವರ್ಷಗಳ ಮೇಲೆ ಎಷ್ಟು ಬಂದೀತು? ಇಪ್ಪತ್ತು ವರ್ಷಗಳ ಮೇಲೆ? ಈ ಪ್ರಶ್ನೆಯನ್ನು ಜೋಯಿಸರ ಕವಡೆಗೂ ವ್ಯಾಪಾರಿಯ ಆಸೆಗೂ ಬಿಡದೆ ಲೆಕ್ಕದ ಪುಸ್ತಕಕ್ಕೆ ತಂದು ನಿಲ್ಲಿಸಿದ ಪುರುಷರಲ್ಲಿ ಅಗ್ರಗಣ್ಯರಾದವರು ಅಮೆರಿಕದ ಭೂವಿಜ್ಞಾನಿ ಮೇರಿಯನ್ ಕಿಂಗ್ ಹಬ್ಬರ್ಟ್. ಅವರಿಗಿಂತ ಮುಂಚೆಯೇ, 1865ರಲ್ಲಿ, ಇಂಗ್ಲೆಂಡಿನ ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞರು ತಮ್ಮ ದೇಶದ ಕಲ್ಲಿದ್ದಲಿನ ವಿಷಯದಲ್ಲಿ ಇದೇ ಚಿಂತೆಯನ್ನು ಗ್ರಂಥರೂಪಕ್ಕೆ ತಂದಿದ್ದುಂಟು. ಆದರೆ ಇಂತಹ ವರ್ಷದ ಸುಮಾರಿಗೆ ಏರು ಮುಗಿದು ಇಳಿತ ಮೊದಲಾಗುವುದೆಂದು ಬೆರಳಿಟ್ಟು ತೋರಿಸುವ ಧೈರ್ಯ ಹಬ್ಬರ್ಟರದು. ಆ ಧೈರ್ಯ ಅವರಿಗೆ ಕೀರ್ತಿಯನ್ನೂ ತಂದಿತು, ಪರಾಭವವನ್ನೂ ತಂದಿತು. ಎರಡನ್ನೂ ಮುಚ್ಚಿಡದೆ ಹೇಳಿದರೆ ಮಾತ್ರ ಅವರ ಚರಿತ್ರೆ ಚರಿತ್ರೆಯೆನಿಸೀತು.

ಹಬ್ಬರ್ಟರು ಜನಿಸಿದ್ದು 1903ರ ಅಕ್ಟೋಬರ್ 5ರಂದು, ಟೆಕ್ಸಾಸ್ ಪ್ರಾಂತದ ಸ್ಯಾನ್ ಸಾಬಾ ಎಂಬಲ್ಲಿ. ಬೇಸಾಯಗಾರರ ಮನೆತನ, ಒರಟು ನೆಲ, ವಿದ್ಯೆಗೆ ಅನುಕೂಲಗಳು ಅಷ್ಟಕ್ಕಷ್ಟೆ. ಸಣ್ಣ ಕಾಲೇಜೊಂದರಲ್ಲಿ ಎರಡು ವರ್ಷ ಓದಿ, ಮುಂದಿನ ವ್ಯಾಸಂಗಕ್ಕೆ ಶಿಕಾಗೋ ವಿಶ್ವವಿದ್ಯಾನಿಲಯವನ್ನು ಸೇರಿದರು. ದುಡಿದುಕೊಂಡೇ ಓದಬೇಕಾದ ಸ್ಥಿತಿ. ಅಲ್ಲಿ ಭೂವಿಜ್ಞಾನದ ಜತೆಗೆ ಭೌತಶಾಸ್ತ್ರವನ್ನೂ ಗಣಿತವನ್ನೂ ಅಭ್ಯಾಸಮಾಡಿದ್ದು ಅವರ ಬಾಳಿನ ದಿಕ್ಕನ್ನೇ ನಿರ್ಣಯಿಸಿತು. ಆ ಕಾಲದ ಭೂವಿಜ್ಞಾನಿಗಳಲ್ಲಿ ಬಹುಮಂದಿ ಕಲ್ಲನ್ನು ಕಂಡು ವರ್ಣಿಸುವುದರಲ್ಲಿ ನಿಪುಣರು. ಕಲ್ಲಿನ ಮೇಲೆ ಬಿದ್ದ ಭಾರವೆಷ್ಟು, ಅದು ತಡೆದುಕೊಳ್ಳಬಲ್ಲದ್ದೆಷ್ಟು ಎಂದು ಗಣಿಸುವವರು ವಿರಳ. ಹಬ್ಬರ್ಟರಿಗೆ ಗಣಿಸದೆ ಇರಲು ಆಗುತ್ತಿರಲಿಲ್ಲ. 1926ರಲ್ಲಿ ಪದವಿ, 1928ರಲ್ಲಿ ಸ್ನಾತಕೋತ್ತರ ಪದವಿ, 1937ರಲ್ಲಿ ಡಾಕ್ಟರೇಟು.

ನಡುವೆ ಸುಮಾರು ಒಂದು ದಶಕ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದರು. ಅದು ಮಹಾ ಆರ್ಥಿಕ ಕುಸಿತದ ಕಾಲ. ದೇಶದಲ್ಲಿ ಯಂತ್ರವೂ ಇದೆ, ಧಾನ್ಯವೂ ಇದೆ, ಕೆಲಸಗಾರನೂ ಇದ್ದಾನೆ. ಆದರೂ ಜನ ಹಸಿದಿದ್ದಾರೆ! ಈ ವಿಪರ್ಯಾಸವನ್ನು ಕಂಡು ತಳಮಳಗೊಂಡ ತರುಣ ಹಬ್ಬರ್ಟರು ಹೋವರ್ಡ್ ಸ್ಕಾಟ್ ಎಂಬವರೊಡನೆ ಸೇರಿ, ಹಣದ ಲೆಕ್ಕವನ್ನು ಬಿಟ್ಟು ಶಕ್ತಿಯ ಲೆಕ್ಕದಿಂದ ರಾಷ್ಟ್ರವನ್ನು ನಡೆಸಬೇಕು, ಆಡಳಿತವನ್ನು ಇಂಜಿನಿಯರುಗಳ ಕೈಗೆ ಕೊಡಬೇಕು ಎಂದು ಸಾರುವ ಟೆಕ್ನಾಕ್ರಸಿ ಎಂಬ ಪಂಥವನ್ನು ಕಟ್ಟಿದರು. ಮನುಷ್ಯರ ಮನಸ್ಸನ್ನು ಮರೆತ ಆ ಪಂಥ ಹೆಚ್ಚು ಕಾಲ ನಿಲ್ಲಲಿಲ್ಲ, ನಿಲ್ಲುವಂತಹುದೂ ಆಗಿರಲಿಲ್ಲ. ಆದರೆ ಅದರಿಂದ ಒಂದು ಸಂಸ್ಕಾರ ಅವರಲ್ಲಿ ಉಳಿಯಿತು. ನಾಡು ಬಾಳುವುದು ಹಣದಿಂದಲ್ಲ, ಉರಿಯುವ ಇಂಧನದಿಂದ; ಇಂಧನವು ಸಾಲ ಮಾಡಿ ತರಬಹುದಾದ ವಸ್ತುವಲ್ಲ ಎಂಬ ಭಾವ ಅವರನ್ನು ಕಡೆಯವರೆಗೂ ಬಿಡಲಿಲ್ಲ.

1943ರಲ್ಲಿ ಅವರು ಶೆಲ್ ಎಂಬ ತೈಲಸಂಸ್ಥೆಯನ್ನು ಸೇರಿ ಹ್ಯೂಸ್ಟನ್ ನಗರದ ಸಂಶೋಧನಾಲಯದಲ್ಲಿ ಎರಡು ದಶಕಗಳ ಕಾಲ ದುಡಿದರು. ನೆಲದೊಳಗಿನ ನೀರು ಹೇಗೆ ಚಲಿಸುತ್ತದೆ ಎಂಬ ವಿಷಯದಲ್ಲಿ 1940ರಲ್ಲಿ ಪ್ರಕಟವಾದ ಅವರ ದೀರ್ಘಪ್ರಬಂಧ ಇಂದಿಗೂ ಪ್ರಮಾಣವೆನಿಸಿದೆ. ಬರಿಯ ಒತ್ತಡದ ಅಂತರವೇ ಅಂತರ್ಜಲವನ್ನು ನಡೆಸುತ್ತದೆಂಬ ತಿಳಿವಳಿಕೆಯನ್ನು ಅವರು ತಿದ್ದಿ, ಒತ್ತಡವನ್ನೂ ಎತ್ತರವನ್ನೂ ಕೂಡಿಸಿ ನೋಡಬೇಕೆಂದು ಸ್ಥಾಪಿಸಿದರು. ಮಹಾಶಿಲಾಫಲಕಗಳು ಒಂದರ ಮೇಲೊಂದು ಮೈಲಿಗಟ್ಟಲೆ ಜಾರಿ ಬಂದದ್ದು ಹೇಗೆ ಎಂಬ ಒಗಟನ್ನು ವಿಲಿಯಂ ರೂಬಿ ಎಂಬವರೊಡನೆ 1959ರಲ್ಲಿ ಬಿಡಿಸಿದರು. ಇವೆಲ್ಲ ವಿದ್ವಾಂಸರ ಮೆಚ್ಚುಗೆಯ ಸಂಗತಿಗಳು. ಲೋಕ ಅವರನ್ನು ನೆನೆಯುವುದು ಬೇರೊಂದು ಕಾರಣಕ್ಕೆ.

1956ರ ಮಾರ್ಚ್ ತಿಂಗಳು. ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ನಗರದಲ್ಲಿ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಸಭೆ. ಎಣ್ಣೆಯ ವ್ಯಾಪಾರದಲ್ಲೇ ಮುಳುಗಿದ್ದ ಶ್ರೀಮಂತ ಸಭಿಕರ ಮುಂದೆ ಹಬ್ಬರ್ಟರು ತಮ್ಮ ಪ್ರಬಂಧವನ್ನು ಮಂಡಿಸಬೇಕು. ವೇದಿಕೆ ಏರುವ ಸ್ವಲ್ಪ ಮೊದಲು ಸಂಸ್ಥೆಯ ಪ್ರಧಾನ ಕಚೇರಿಯಿಂದ ದೂರವಾಣಿ ಕರೆ ಬಂದು, ಮಾತನ್ನು ಸ್ವಲ್ಪ ಸೌಮ್ಯಗೊಳಿಸಬಾರದೇ ಎಂದು ಕೇಳಿದರೆಂದೂ ತಾವು ಒಪ್ಪಲಿಲ್ಲವೆಂದೂ ಅವರೇ ಮುಂದೆ ನೆನಪು ಮಾಡಿಕೊಂಡಿದ್ದಾರೆ. ಅನ್ನವಿಕ್ಕುವ ಒಡೆಯನ ಸರಕು ತೀರಿಹೋಗುತ್ತದೆಂದು ಒಡೆಯನ ಬಂಧುಬಳಗದ ಮುಂದೆಯೇ ಹೇಳುವುದು ಸಾಮಾನ್ಯವಾದ ಎದೆಗಾರಿಕೆಯೇ?

ಅವರು ಹೇಳಿದ್ದೇನು? ವಿಷಯ ಸರಳವಾದುದು. ಭೂಮಿಯ ಒಡಲಿನ ಇಂಧನ ಮಿತವಾದದ್ದು. ಹೊಸದಾಗಿ ಉಂಟಾಗಲು ಕೋಟ್ಯಂತರ ವರ್ಷಗಳು ಬೇಕು. ಆದ್ದರಿಂದ ವರ್ಷವರ್ಷದ ಉತ್ಪಾದನೆಯನ್ನು ಒಂದು ರೇಖೆಯಾಗಿ ಬರೆದರೆ, ಅದು ಸೊನ್ನೆಯಿಂದ ಏರಿ, ಶಿಖರವನ್ನು ಮುಟ್ಟಿ, ಮತ್ತೆ ಸೊನ್ನೆಗೆ ಇಳಿಯಲೇಬೇಕು. ರೇಖೆಯ ಅಡಿಯಲ್ಲಿ ಸಿಕ್ಕುವ ಕ್ಷೇತ್ರಫಲವೇ ಒಟ್ಟು ಸಂಗ್ರಹ. ಸಂಗ್ರಹ ಇಷ್ಟೆಂದು ಅಂದಾಜಾದರೆ ರೇಖೆ ಮನಬಂದಂತೆ ಏರಲು ಎಡೆಯಿಲ್ಲ. ಅವರ ಚಿತ್ರದ ಮೂಲೆಯಲ್ಲಿ ಒಂದು ಚೌಕವಿತ್ತು. ಅದು 2500 ಕೋಟಿ ಪೀಪಾಯಿ ಎಣ್ಣೆಗೆ ಸಮ. ಒಟ್ಟು ಸಂಗ್ರಹ 15,000 ಕೋಟಿ ಪೀಪಾಯಿಯಾದರೆ ರೇಖೆಯಡಿ ಅಂತಹ ಆರು ಚೌಕಗಳಷ್ಟೇ ಹಿಡಿಸಬೇಕು. 20,000 ಕೋಟಿಯಾದರೆ ಎಂಟು. ಮೊದಲ ಲೆಕ್ಕದಂತೆ ಅಮೆರಿಕದ ಎಣ್ಣೆಯ ಶಿಖರ 1965ರ ಸುಮಾರಿಗೆ, ಎರಡನೆಯದರಂತೆ 1970ರ ಸುಮಾರಿಗೆ. ಇಲ್ಲಿ ಓದುಗರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಸಂಗ್ರಹಕ್ಕೆ 5000 ಕೋಟಿ ಪೀಪಾಯಿ ಹೊಸದಾಗಿ ಸೇರಿದರೂ ಇಳಿತದ ಆರಂಭ ಮುಂದೆ ಹೋದದ್ದು ಐದೇ ವರ್ಷ! ಬಳಕೆ ಬೆಳೆಯುತ್ತಲೇ ಇದ್ದರೆ ಕಣಜ ದೊಡ್ಡದಾದಷ್ಟೂ ನೆಮ್ಮದಿ ಹೆಚ್ಚುತ್ತದೆಂಬ ನಂಬಿಕೆ ಹುಸಿಯೆಂದು ಈ ಒಂದು ಚಿತ್ರ ತೋರಿಸಿಕೊಟ್ಟಿತು.

ಸಂಗ್ರಹದ ಅಂದಾಜು ಮಾತ್ರ ಹೊರಗಿನಿಂದ ತರಬೇಕಾದದ್ದು. ನಮ್ಮ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವ ರೀಲರು ಹರಾಜು ಕೂಗುವ ಮೊದಲು ಒಂದು ಹಿಡಿ ಗೂಡನ್ನು ಕೈಯಲ್ಲಿ ಹಿಡಿದು, ಅಲುಗಿಸಿ, ಒತ್ತಿ ನೋಡಿ, ಒಂದು ಕಿಲೋ ರೇಷ್ಮೆಗೆ ಇಂತಹ ಗೂಡು ಎಷ್ಟು ಕಿಲೋ ಬೇಕಾದೀತೆಂದು ಮನಸ್ಸಿನಲ್ಲೇ ಗುಣಿಸುತ್ತಾನೆ. ಅದನ್ನು ಅವರು ರೆಂಡಿಟ್ಟ ಎನ್ನುತ್ತಾರೆ. ಅಂದಾಜು ತಪ್ಪಿದರೆ ಆ ದಿನದ ನಷ್ಟ ಅವನದೇ. ಭೂವಿಜ್ಞಾನಿಯದೂ ಇದೇ ಕಸುಬು. ಆದರೆ ಅವನ ಗೂಡು ಮೈಲಿಗಳ ಆಳದಲ್ಲಿದೆ, ಕೈಗೆ ಸಿಕ್ಕುವುದಿಲ್ಲ. ಅಂದಾಜು ತಪ್ಪಿದರೆ ನಷ್ಟ ಅನುಭವಿಸುವವನೂ ಸಾಮಾನ್ಯವಾಗಿ ಅವನಲ್ಲ.

ಅದೇ ಪ್ರಬಂಧದಲ್ಲಿ ನೈಸರ್ಗಿಕ ಅನಿಲದ ಲೆಕ್ಕವೂ ಇತ್ತು. ಒಟ್ಟು 850 ಲಕ್ಷ ಕೋಟಿ ಘನ ಅಡಿ. ಶಿಖರ 1970ರ ಸುಮಾರಿಗೆ, ವರ್ಷಕ್ಕೆ 14 ಲಕ್ಷ ಕೋಟಿ ಘನ ಅಡಿಯ ಮಟ್ಟದಲ್ಲಿ. 1962ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಾಗಿ ಬರೆದ ವರದಿಯಲ್ಲಿ ಅವರು ಒಟ್ಟು ಮೊತ್ತವನ್ನು ಸುಮಾರು 1000 ಲಕ್ಷ ಕೋಟಿಗೆ ಏರಿಸಿದರು. ಹಿಂದೆ ಆಡಿದ ಮಾತಿಗೇ ಜೋತುಬೀಳುವ ಅಭಿಮಾನ ಅವರಲ್ಲಿರಲಿಲ್ಲ.

ಎಣ್ಣೆಯ ವಿಷಯದಲ್ಲಿ ಎದುರಾದ ವಿರೋಧ ಕಠೋರವಾಗಿತ್ತು. ಸರ್ಕಾರದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ತಜ್ಞರು ಅಮೆರಿಕದ ಒಟ್ಟು ಎಣ್ಣೆ 59,000 ಕೋಟಿ ಪೀಪಾಯಿಯೆಂದು ಸಾರಿದರು. ಈ ಬೃಹತ್ ಸಂಖ್ಯೆಯ ಮೂಲವೇನೆಂದರೆ, ಇದುವರೆಗೆ ಕೊರೆದ ಪ್ರತಿ ಅಡಿಗೆ ಸಿಕ್ಕಷ್ಟೇ ಎಣ್ಣೆ ಮುಂದೆ ಕೊರೆಯುವ ಪ್ರತಿ ಅಡಿಗೂ ಸಿಕ್ಕುತ್ತದೆಂಬ ಊಹೆ. ಹಬ್ಬರ್ಟರು ಹಳೆಯ ದಾಖಲೆಗಳನ್ನು ಜಾಲಾಡಿ, ಪ್ರತಿ ಅಡಿಗೆ ಸಿಕ್ಕುವ ಎಣ್ಣೆ ದಶಕದಿಂದ ದಶಕಕ್ಕೆ ಇಳಿಯುತ್ತಲೇ ಬಂದಿದೆಯೆಂದು ತೋರಿಸಿದರು. ಮೊದಲು ಕೊರೆಯುವುದು ಒಳ್ಳೆಯ ಜಾಗವನ್ನಲ್ಲವೇ? ತೆಂಗಿನ ತೋಟಕ್ಕೆ ಬೋರು ಹಾಕಿಸಿದ ನಮ್ಮ ರೈತನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1964ರಲ್ಲಿ ಶೆಲ್ ಸಂಸ್ಥೆಯಿಂದ ನಿವೃತ್ತರಾದ ಹಬ್ಬರ್ಟರು ಸೇರಿದ್ದು, ವಿಧಿಯ ವಿನೋದವೆಂಬಂತೆ, ಇದೇ ಸರ್ವೇಕ್ಷಣ ಸಂಸ್ಥೆಯನ್ನು. 1971ರಲ್ಲಿ ಅದರ ನಿರ್ದೇಶಕರಾದ ವಿನ್ಸೆಂಟ್ ಮೆಕೆಲ್ವಿಯವರು ಹಬ್ಬರ್ಟರ ಲೆಕ್ಕವನ್ನು ಒಪ್ಪದವರಲ್ಲಿ ಪ್ರಮುಖರು. ಹಬ್ಬರ್ಟರೂ ಸೌಮ್ಯ ಸ್ವಭಾವದವರಲ್ಲ. ಚರ್ಚೆಗೆ ನಿಂತರೆ ಎದುರಾಳಿಯನ್ನು ಮಾತಿನಲ್ಲಿ ಕಟ್ಟಿಹಾಕದೆ ಬಿಡುತ್ತಿರಲಿಲ್ಲ, ಮಿತ್ರರನ್ನೂ ಶಿಷ್ಯರನ್ನೂ ಬೆದರಿಸುವಷ್ಟು ಕಟುವಾಗಿರುತ್ತಿದ್ದರು. ವಿದ್ವತ್ತಿಗೆ ವಿನಯವೇ ಭೂಷಣವೆಂದು ಹಿರಿಯರು ಹೇಳಿದ್ದನ್ನು ಅವರ ಬಾಳಿನಲ್ಲಿ ಹುಡುಕಿದರೆ ನಿರಾಶೆಯಾದೀತು.

1970ರಲ್ಲಿ ಅಮೆರಿಕದ ಎಣ್ಣೆಯ ಉತ್ಪಾದನೆ ಶಿಖರವನ್ನು ಮುಟ್ಟಿ ಇಳಿಯತೊಡಗಿತು. 1973ರಲ್ಲಿ ಅರಬ್ ರಾಷ್ಟ್ರಗಳು ಎಣ್ಣೆಯನ್ನು ತಡೆಹಿಡಿದಾಗ ಇಡೀ ದೇಶ ಹಬ್ಬರ್ಟರ ಹೆಸರನ್ನು ಹುಡುಕಿಕೊಂಡು ಬಂದಿತು. ಅದೇ 1973ರಲ್ಲಿ ಅನಿಲವೂ ಶಿಖರವನ್ನು ಮುಟ್ಟಿತು. ವರ್ಷ ಅವರ ಲೆಕ್ಕಕ್ಕೆ ಹತ್ತಿರ. ಎತ್ತರ ಮಾತ್ರ ಅವರು ಮೊದಲು ಹೇಳಿದ್ದಕ್ಕಿಂತ ಬಹಳ ಹೆಚ್ಚು, 21 ಲಕ್ಷ ಕೋಟಿ ಘನ ಅಡಿಗೂ ಮೇಲೆ. 1976ರಿಂದ 77ರವರೆಗಿನ ಚಳಿಗಾಲದಲ್ಲಿ ಅನಿಲ ಸಾಲದೆ ಅಲ್ಲಿನ ಕಾರ್ಖಾನೆಗಳೂ ಶಾಲೆಗಳೂ ಬಾಗಿಲು ಮುಚ್ಚಿದವು. ಹಬ್ಬರ್ಟರ ಮಾತು ಅಕ್ಷರಶಃ ನಿಜವಾಯಿತೆಂದು ಅಂದು ಅನೇಕರು ಭಾವಿಸಿದರು.

ಆದರೆ ಆ ಕೊರತೆಗೆ ಭೂಮಿಯೊಂದೇ ಕಾರಣವಾಗಿರಲಿಲ್ಲ. 1954ರ ನ್ಯಾಯಾಲಯದ ತೀರ್ಪೊಂದರ ತರುವಾಯ ಸರ್ಕಾರ ಬಾವಿಯ ಬಾಯಿಯಲ್ಲೇ ಅನಿಲದ ದರವನ್ನು ಕಟ್ಟಿಹಾಕಿತ್ತು. ಅಗ್ಗದ ದರಕ್ಕೆ ಹೊಸ ಬಾವಿ ತೋಡುವವರಿಲ್ಲ. ಅಗ್ಗವೆಂದು ಉರಿಸುವವರಿಗೆ ಲೆಕ್ಕವಿಲ್ಲ. ಕಣಜ ಬರಿದಾದದ್ದು ಎಷ್ಟು, ಕಣಜದ ಬಾಗಿಲಿಗೆ ಹಾಕಿದ ಬೀಗದಿಂದಾದದ್ದು ಎಷ್ಟು ಎಂಬುದನ್ನು ಹಬ್ಬರ್ಟರ ರೇಖೆ ಬೇರ್ಪಡಿಸಿ ಹೇಳಲಾರದು. ಬೆಲೆಗೆ ಅವರ ಲೆಕ್ಕದಲ್ಲಿ ಸ್ಥಾನವೇ ಇರಲಿಲ್ಲ. ಅರ್ಥಶಾಸ್ತ್ರಜ್ಞರು ಎತ್ತಿದ ಈ ಆಕ್ಷೇಪ ನ್ಯಾಯವಾದುದೆಂದೇ ಹೇಳಬೇಕು. 1978ರ ಕಾನೂನಿನಿಂದ ದರದ ಕಟ್ಟು ಸಡಿಲವಾಗುತ್ತ ಬಂದಿತು. 1980ರ ದಶಕದ ನಡುವಿನವರೆಗೆ ಇಳಿದ ಉತ್ಪಾದನೆ ಮತ್ತೆ ಮೆಲ್ಲಗೆ ಏರತೊಡಗಿತು.

ಮುಂದಿನದು ಇನ್ನೂ ಸೋಜಿಗ. 1957ರಲ್ಲಿ, ಅಂದರೆ ಸ್ಯಾನ್ ಆಂಟೋನಿಯೋ ಸಭೆಯ ಮರುವರ್ಷವೇ, ಹಬ್ಬರ್ಟರು ಡೇವಿಡ್ ವಿಲ್ಲಿಸ್ ಎಂಬವರೊಡನೆ ಸೇರಿ ಮತ್ತೊಂದು ಪ್ರಬಂಧವನ್ನು ಪ್ರಕಟಿಸಿದ್ದರು. ಬಾವಿಯೊಳಕ್ಕೆ ಹೆಚ್ಚಿನ ಒತ್ತಡದಲ್ಲಿ ದ್ರವವನ್ನು ನುಗ್ಗಿಸಿ ಶಿಲೆಯನ್ನು ಸೀಳುವಾಗ ಬಿರುಕು ಯಾವ ಕಡೆಗೆ ತೆರೆದುಕೊಳ್ಳುತ್ತದೆ ಎಂಬುದು ಅದರ ವಿಷಯ. ಜೆಲಟಿನ್ ಮುದ್ದೆಯೊಳಕ್ಕೆ ಸುಣ್ಣಗಾರೆಯಂತಹ ಪ್ಲಾಸ್ಟರಿನ ತೆಳುಗಂಜಿಯನ್ನು ಒತ್ತಿ, ಅದು ಹೆಪ್ಪುಗಟ್ಟಿದ ಮೇಲೆ ಬಿರುಕಿನ ಆಕಾರವನ್ನು ಕಣ್ಣಾರೆ ತೋರಿಸಿದರು. ಶಿಲೆಯನ್ನು ಅದುಮುವ ಬಲ ಯಾವ ದಿಕ್ಕಿನಲ್ಲಿ ಅತ್ಯಲ್ಪವೋ ಆ ದಿಕ್ಕಿಗೆ ಅಡ್ಡಲಾಗಿ ಬಿರುಕು ನಿಲ್ಲುತ್ತದೆ. ಆಳದಲ್ಲಿ ಬಹುಮಟ್ಟಿಗೆ ಅದು ಗೋಡೆಯಂತೆ ನೆಟ್ಟಗಿರುತ್ತದೆ ಎಂದು ಸಿದ್ಧಪಡಿಸಿದರು. ಇದೇ ತತ್ತ್ವದ ಮೇಲೆ, 1990ರ ದಶಕದ ಕೊನೆಯಿಂದ, ಅದುವರೆಗೆ ಬರಡೆಂದು ಬಿಟ್ಟಿದ್ದ ಜೇಡಿಶಿಲೆಯನ್ನು ಸೀಳಿ ಅನಿಲವನ್ನು ತೆಗೆಯುವ ವಿದ್ಯೆ ಟೆಕ್ಸಾಸಿನ ಬಾರ್ನೆಟ್ ಪದರದಲ್ಲಿ ಕೈಗೂಡಿತು. ಆ ಪದರಕ್ಕೆ ಹೆಸರು ಬಂದದ್ದು ಸ್ಯಾನ್ ಸಾಬಾ ಸೀಮೆಯ ಒಂದು ತೊರೆಯಿಂದ. ಅದೇ ಹಬ್ಬರ್ಟರು ಹುಟ್ಟಿದ ಸೀಮೆ! 2011ರ ಹೊತ್ತಿಗೆ ಅಮೆರಿಕದ ಅನಿಲದ ಉತ್ಪಾದನೆ 1973ರ ಶಿಖರವನ್ನು ದಾಟಿತು. 2018ರಲ್ಲಿ ಎಣ್ಣೆಯೂ 1970ರ ಮಟ್ಟವನ್ನು ಮೀರಿತು. ಅವರು 1956ರಲ್ಲಿ ಅಂದಾಜು ಮಾಡಿದ್ದ ಒಟ್ಟು ಅನಿಲಕ್ಕಿಂತ ಹೆಚ್ಚನ್ನು ಆ ದೇಶ ಈಗಾಗಲೇ ತೆಗೆದು ಉರಿಸಿಬಿಟ್ಟಿದೆ. ತಾವು ಮುಚ್ಚಿದ ಲೆಕ್ಕದ ಪುಸ್ತಕವನ್ನು ತೆರೆಯುವ ಬೀಗದ ಕೈಯನ್ನು ಅವರೇ ಮಾಡಿಟ್ಟುಹೋದಂತಾಯಿತು.

ಹಾಗಾದರೆ ಅವರ ಶ್ರಮವೆಲ್ಲ ನಿಷ್ಫಲವೇ? ಹಾಗೆನ್ನುವವರು ಅವಸರದವರು. ಒಂದೊಂದು ಬಾವಿಯ, ಒಂದೊಂದು ಕ್ಷೇತ್ರದ ಮಟ್ಟದಲ್ಲಿ ಇಳಿತದ ನಿಯಮ ಇಂದಿಗೂ ಅಚಲವಾಗಿದೆ. ಜೇಡಿಶಿಲೆಯ ಬಾವಿಯಂತೂ ಮೊದಲ ವರ್ಷದಲ್ಲೇ ತನ್ನ ಆರಂಭದ ಹರಿವಿನ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ. ಮಟ್ಟವನ್ನು ಉಳಿಸಿಕೊಳ್ಳಬೇಕಾದರೆ ಹೊಸ ಬಾವಿಗಳನ್ನು ತೋಡುತ್ತಲೇ ಇರಬೇಕು. ಹಬ್ಬರ್ಟರ ಅನುಯಾಯಿಗಳೆನಿಸಿಕೊಂಡವರು ಆ ಗಂಟೆಯಾಕಾರದ ರೇಖೆಯನ್ನು ಬ್ರಹ್ಮಲಿಪಿಯೆಂದು ಎತ್ತಿಹಿಡಿದದ್ದು ಅವರಿಗೆ ಮಾಡಿದ ಅಪಚಾರ. ಅವರ ಹೆಚ್ಚಳವಿರುವುದು ರೇಖೆಯಲ್ಲಲ್ಲ. ಇಷ್ಟು ಸಂಗ್ರಹವೆಂದು ಇಟ್ಟುಕೊಂಡಿದ್ದೇನೆ, ಅದು ತಪ್ಪಿದರೆ ಇದೂ ತಪ್ಪುತ್ತದೆ ಎಂದು ತಳಹದಿಯ ಕಲ್ಲನ್ನೇ ಎಲ್ಲರ ಮುಂದೆ ತೆರೆದಿಟ್ಟದ್ದರಲ್ಲಿ.

ಹಾಗೆ ತೆರೆದು ನೋಡದೆ ದೊಡ್ಡ ಅಂದಾಜಿನ ಮೇಲೆ ಭರವಸೆ ಕಟ್ಟಿದರೆ ಏನಾಗುವುದೆಂಬುದಕ್ಕೆ ನಮ್ಮ ದೇಶವೇ ಸಾಕ್ಷಿ. ಆಂಧ್ರದ ಕರಾವಳಿಯಾಚೆ, ಕೃಷ್ಣಾ ಗೋದಾವರಿಗಳ ಮುಖದ ಆಳಸಮುದ್ರದಲ್ಲಿ 2002ರಲ್ಲಿ ಪತ್ತೆಯಾದ ಅನಿಲಕ್ಷೇತ್ರದಿಂದ ರಿಲಯನ್ಸ್ ಸಂಸ್ಥೆ 2009ರ ಏಪ್ರಿಲ್‌ನಲ್ಲಿ ಉತ್ಪಾದನೆಯನ್ನು ಮೊದಲು ಮಾಡಿತು. ದಿನಕ್ಕೆ 8 ಕೋಟಿ ಘನ ಮೀಟರ್ ಬರುವುದೆಂಬ ನಿರೀಕ್ಷೆ. 2010ರಲ್ಲಿ ಅದು 6 ಕೋಟಿಯ ಸುಮಾರಿಗೆ ಏರಿ, ಅಲ್ಲಿಂದ ಇಳಿಜಾರು ಹಿಡಿದು, 2013ರೊಳಗೆ ಒಂದೂವರೆ ಕೋಟಿಗೂ ಕೆಳಗೆ ಬಂದಿತು. ಅಲ್ಲಿನ ತೆಗೆಯಬಹುದಾದ ಅನಿಲವೆಷ್ಟೆಂಬ ಅಂದಾಜನ್ನು ಮೊದಲಿನದರ ಮೂರನೆಯ ಒಂದು ಭಾಗದ ಹತ್ತಿರಕ್ಕೆ ತಗ್ಗಿಸಬೇಕಾಯಿತು. ಭೂಸ್ತರ ಎಣಿಸಿದ್ದಕ್ಕಿಂತ ಜಟಿಲವೆಂದು ಒಬ್ಬರು, ಬೇಕಾದಷ್ಟು ಬಾವಿ ತೋಡಲಿಲ್ಲವೆಂದು ಇನ್ನೊಬ್ಬರು. ವಿವಾದ ವರ್ಷಗಟ್ಟಲೆ ನಡೆಯಿತು. ಮೊದಲಿನ ಆ ಎರಡು ಕ್ಷೇತ್ರಗಳು 2020ರಲ್ಲಿ ನಿಂತೇಹೋದವು. ಅದೇ ವರ್ಷದ ಕೊನೆಯಲ್ಲಿ ಪಕ್ಕದ ಹೊಸ ಕ್ಷೇತ್ರಗಳಿಂದ ಅನಿಲ ಬರತೊಡಗಿ, 2023ರ ಹೊತ್ತಿಗೆ ದಿನಕ್ಕೆ 3 ಕೋಟಿ ಘನ ಮೀಟರಿನ ಸಮೀಪಕ್ಕೆ ಏರಿತು.

ಈ ನಡುವೆ, ಬರುವ ಅನಿಲವನ್ನು ನಂಬಿ ದೇಶದಲ್ಲಿ ಕಟ್ಟಿದ್ದ ಸುಮಾರು 24,000 ಮೆಗಾವ್ಯಾಟ್ ಸಾಮರ್ಥ್ಯದ ಅನಿಲ ವಿದ್ಯುತ್ ಕೇಂದ್ರಗಳಲ್ಲಿ 14,000 ಮೆಗಾವ್ಯಾಟಿನಷ್ಟು 2015ರಲ್ಲಿ ಇಂಧನವಿಲ್ಲದೆ ಕೈಕಟ್ಟಿ ಕುಳಿತವು. ನಮ್ಮ ಬಿಡದಿಯದು ಕಟ್ಟುವ ಮೊದಲೇ ನಿಂತದ್ದು ಒಂದು ಲೆಕ್ಕಕ್ಕೆ ಲಾಭವೆಂದೇ ಎಣಿಸಬೇಕೇನೋ. ದಾಭೋಲಿಗೆ ಹಡಗಿನಲ್ಲಿ ದ್ರವರೂಪದಲ್ಲಿ ಬರುವ ಅನಿಲದ ಬೆಲೆ ಲೋಕದ ಯುದ್ಧ ಶಾಂತಿಗಳನ್ನು ಅನುಸರಿಸಿ ಏರಿಳಿಯುತ್ತದೆ. 2022ರಲ್ಲಿ ಯುಕ್ರೇನಿನ ಯುದ್ಧದಿಂದ ಅದು ಏರಿದ ಎತ್ತರವನ್ನು ಎಲ್ಲರೂ ಕಂಡರು. 370 ಮೆಗಾವ್ಯಾಟಿನ ಅನಿಲ ಕೇಂದ್ರವೊಂದು ಯಲಹಂಕದಲ್ಲಿ 2024ರಲ್ಲಿ ಉದ್ಘಾಟನೆಗೊಂಡಿತು. ಬಿಡದಿಯಲ್ಲಿ ಎದ್ದು ನಿಂತದ್ದು ಬೆಂಗಳೂರಿನ ಕಸವನ್ನು ಉರಿಸಿ 11.5 ಮೆಗಾವ್ಯಾಟ್ ವಿದ್ಯುತ್ತನ್ನು ಪಡೆಯುವ ಘಟಕ.

ಹಬ್ಬರ್ಟರ ಕಡೆಯ ವರ್ಷಗಳಿಗೆ ಬರೋಣ. 1956ರ ಪ್ರಬಂಧದಲ್ಲಿ, ಎಣ್ಣೆ ಅನಿಲಗಳ ತರುವಾಯ ಮನುಕುಲವನ್ನು ಕಾಯುವುದು ಪರಮಾಣುಶಕ್ತಿಯೆಂದು ಅವರು ನಂಬಿದ್ದರು. ಅದರ ವಿಷಮಯವಾದ ಉಚ್ಛಿಷ್ಟವನ್ನು ಎಲ್ಲಿ ಹೂಳಬೇಕೆಂಬ ಸಮಸ್ಯೆಯನ್ನು ವಿಜ್ಞಾನ ಅಕಾಡೆಮಿಯ ಸಮಿತಿಯಲ್ಲಿ ಕುಳಿತು ಪರಿಶೀಲಿಸಿದ ಮೇಲೆ ಆ ಉತ್ಸಾಹ ಇಳಿಯಿತು. ವೃದ್ಧಾಪ್ಯದಲ್ಲಿ ಸೂರ್ಯನ ಬಿಸಿಲೇ ದಾರಿಯೆಂದು ವಾದಿಸಿದರು. ಸ್ಟ್ಯಾನ್‌ಫರ್ಡ್, ಬರ್ಕ್‌ಲಿ ವಿದ್ಯಾಲಯಗಳಲ್ಲಿ ಪಾಠ ಹೇಳಿದರು. 1976ರಲ್ಲಿ ಸರ್ವೇಕ್ಷಣ ಸಂಸ್ಥೆಯಿಂದಲೂ ನಿವೃತ್ತರಾದರು. ಭೂವಿಜ್ಞಾನಕ್ಕೆ ಸಲ್ಲುವ ಅತ್ಯುನ್ನತ ಗೌರವಗಳಲ್ಲೊಂದಾದ ವೆಟ್ಲಸೆನ್ ಪ್ರಶಸ್ತಿ 1981ರಲ್ಲಿ ಅವರನ್ನು ಅರಸಿ ಬಂದಿತು. ಅದನ್ನು ನೀಡಿದ್ದು ಕೊಲಂಬಿಯಾ ವಿಶ್ವವಿದ್ಯಾನಿಲಯ. ತಾರುಣ್ಯದಲ್ಲಿ ಅವರು ಹತ್ತು ವರ್ಷ ಪಾಠ ಹೇಳಿ ಬಿಟ್ಟುಬಂದ ಸ್ಥಳ.

1989ರ ಅಕ್ಟೋಬರ್ 11ರಂದು, ಎಂಬತ್ತಾರು ತುಂಬಿದ ಕೆಲವೇ ದಿನಗಳ ಮೇಲೆ, ಮೇರಿಲ್ಯಾಂಡ್ ಪ್ರಾಂತದ ಬೆಥೆಸ್ಡಾ ನಗರದಲ್ಲಿ ಹಬ್ಬರ್ಟರು ನಿಧನರಾದರು. ಬಾರ್ನೆಟ್ ಪದರದ ಅನಿಲ ಹೊರಹೊಮ್ಮುವುದನ್ನು ಅವರು ನೋಡಲಿಲ್ಲ. ಅವರ ಪತ್ರಗಳೂ ಕೈಬರಹದ ಲೆಕ್ಕಗಳೂ ವ್ಯೋಮಿಂಗ್ ವಿಶ್ವವಿದ್ಯಾನಿಲಯದ ಸಂಗ್ರಹಾಲಯದಲ್ಲಿ ಪೆಟ್ಟಿಗೆಗಳಲ್ಲಿ ರಕ್ಷಿತವಾಗಿವೆ.